ಲಂಗರು ಬಿಟ್ಟ ಜಟ್ಟು

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಕುದ್ರು ಎನ್ನುವ ಸಣ್ಣದೊಂದು ನಡುಗಡ್ಡೆಯ ಮರೆಗೆ, ಹಾಯಿದೋಣಿಯೊಂದು ಲಂಗರು ಹಾಕಿ ನಿಂತಿರುತ್ತಿತ್ತು. ಅದೇ ಮಾದೇವಿಯ ಮನೆ. ಗಂಡ ಸತ್ತ ಮೇಲೂ ಅವನ ದೋಣಿ ಬಿಟ್ಟು ಇಳಿದವಳಲ್ಲ ಅವಳು. ಕುಡಿಯಲು ಹಾಯಿಯಲ್ಲಿ ಹಿಡಿದ ಮಳೆನೀರು, ಸಾರಿಗೆ ಒಡಕು ಪೀಪಾಯಿಯಲ್ಲಿ ನೆಟ್ಟು ಕಂಬಕ್ಕೆ ಹಬ್ಬಿಸಿದ ಬಸಳೆ, ಗೂಡಿನಲ್ಲಿ ನಾಲ್ಕು ಕೋಳಿ, ಗಾಳ ಹಾಕಿದರೆ ಮೀನು. ಹೋಗಿ ಬರುವ ದೋಣಿಯವರಿಗೆ ಒಣಮೀನು ಕೊಟ್ಟು ಅಕ್ಕಿ ತೆಗೆದುಕೊಳ್ಳುತ್ತಿದ್ದಳು. ಏಳು ವರ್ಷ ಯಾರ ಮುಂದೂ ಕೈಚಾಚದೆ ಬದುಕಿದಳು. ಇಂಥ ಹೆಂಗಸು ಆ ಕರಾವಳಿಯಲ್ಲೇ ಇರಲಿಲ್ಲ ಬಿಡಿ. ಆದರೆ ಮಗ ಜಟ್ಟು ಪೆದ್ದ. ಇಪ್ಪತ್ತೈದರ ಆಳು, ಅಮ್ಮನ ಮಾತು ಒಂದಕ್ಷರ ಮೀರುವವನಲ್ಲ. ಅದೇ ತೊಂದರೆ.

ಒಂದು ದಿನ ಮೋಡ ಕಟ್ಟಿತು. ಹಾಯಿ ಹಾಸಿ ನೀರು ಹಿಡಿ, ಬಿದ್ದ ಒಂದು ಹನಿಯನ್ನೂ ಬಿಡಬೇಡ ಅಂದಳು ಮಾದೇವಿ. ಜಟ್ಟು ಹಿಡಿದ. ಮಳೆ ನಿಂತಿತು, ಅಲೆ ಎದ್ದಿತು, ದೋಣಿಯೊಳಗೆ ನೀರು ಹಾರಿ ಬಿತ್ತು. ಅದನ್ನೂ ಬಟ್ಟೆಯಲ್ಲಿ ಒರೆಸಿ ಒರೆಸಿ ಹಂಡೆಗೆ ಹಿಂಡಿದ. ಹಂಡೆಯೆಲ್ಲ ಉಪ್ಪು! ಮಾದೇವಿ ಹಣೆ ಚಚ್ಚಿಕೊಂಡಳು. ಒಳಗೆ ತುಂಬುವ ಮುಂಚೆ ನಾಲಿಗೆಗೆ ಹಚ್ಚಿ ನೋಡು, ಉಪ್ಪಿದ್ದರೆ ಸಮುದ್ರಕ್ಕೆ ಚೆಲ್ಲು ಅಂತ ಬುದ್ಧಿ ಹೇಳಿದಳು. ಆಗಲಿ ಅಂದ ಜಟ್ಟು.

ಎಂಟು ದಿನ ಕಳೆಯಿತು. ಮಳೆಗಾಲಕ್ಕೆಂದು ಉಪ್ಪು ಹಾಕಿ ಒಣಗಿಸಿದ ಮೀನನ್ನು ಒಳಗೆ ತುಂಬು ಅಂದಳು. ಜಟ್ಟು ಒಂದೊಂದನ್ನೇ ನೆಕ್ಕಿದ. ಒಂದೊಂದೂ ಉಪ್ಪು. ಒಂದೊಂದನ್ನೂ ಸಮುದ್ರಕ್ಕೆ ಎಸೆದ. ಮಾದೇವಿ ತಿರುಗಿ ನೋಡುವಾಗ ಬುಟ್ಟಿಯಲ್ಲಿ ಒಂದು ಬಾಲವೂ ಇರಲಿಲ್ಲ. ಎರಡು ತಿಂಗಳ ದುಡಿಮೆ. ಅವಳಿಗೆ ಅಳು ಬಂತು. ದೋಣಿಯೊಳಗೆ ಇದ್ದದ್ದನ್ನು ಹೊರಗೆ ಹೋಗಲು ಬಿಡಬೇಡವೋ, ಏನಿದ್ದರೂ ಗಟ್ಟಿಯಾಗಿ ಕಟ್ಟಿಡು ಅಂದಳು. ಆಗಲಿ ಅಂದ ಜಟ್ಟು.

ಸುದ್ದಿ ಕೇಳಿ ಅವಳ ಅಣ್ಣ ಬಚ್ಚಣ್ಣ ಮೀನಿನವರ ದೋಣಿ ಹತ್ತಿ ಬಂದ. ಈ ಮಗನನ್ನು ಕಟ್ಟಿಕೊಂಡು ಮಳೆಗಾಲ ಹೇಗೆ ಕಳೆಯುತ್ತೀ, ದೋಣಿಯನ್ನು ದಡಕ್ಕೆ ಎಳೆದು ಹಾಕು, ನಮ್ಮನೆಗೆ ಬಾ ಅಂದ. ಮಾದೇವಿ ತಲೆ ತಗ್ಗಿಸಿಕೊಂಡು ಮೀನು ಹೆಚ್ಚುತ್ತಿದ್ದಳು. ಹೇಳಿ ಹೇಳಿ ಸುಸ್ತಾಗಿ ಬಚ್ಚಣ್ಣ ಕಂಬಕ್ಕೊರಗಿ ತೂಕಡಿಸಿದ. ಎಚ್ಚರವಾಗಿ ಏಳಬೇಕೆಂದರೆ ಏಳಲಾಗಲಿಲ್ಲ. ಎದೆಗೆ ಮೂರು ಸುತ್ತು ಹಗ್ಗ, ಕಾಲಿಗೆ ಎರಡು. ಮಾದೇವಿ ಓಡಿ ಬಂದು ಬಿಡು ಅಂದಳು. ಜಟ್ಟು ಗಂಟು ಬಿಚ್ಚಿದ, ಆದರೆ ಕಾಲಿನ ಹಗ್ಗದ ತುದಿ ಅವನ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಇಟ್ಟ ಮಾವ ದಬಕ್ಕನೆ ಬಿದ್ದ.

"ಬಿಡು ಅಂದ ಮೇಲೆ ಪೂರ್ತಿ ಬಿಡ್ಬೇಕು ಮಗಾ, ತುದಿ ಹಿಡ್ಕೊಂಡಿರಬಾರದು" ಅಂದಳು ಮಾದೇವಿ.

ಬಚ್ಚಣ್ಣ ಇನ್ನು ಒಂದು ಮಾತೂ ಕೇಳಲಿಲ್ಲ. ಆಗಲೇ ಲಂಗರು ಎತ್ತಿಸಿದ, ಹಾಯಿ ಏರಿಸಿದ, ತಾನೇ ಚುಕ್ಕಾಣಿ ಹಿಡಿದ. ಮಾದೇವಿ ಕುದ್ರುವನ್ನೇ ನೋಡುತ್ತ ಕೂತಳು. ದಡ ಹತ್ತಿರವಾಯಿತು. ಹಾಯಿ ಇಳಿಸಿ, ಲಂಗರು ಬಿಡು ಅಂತ ಕೂಗಿದ ಬಚ್ಚಣ್ಣ. ಜಟ್ಟು ಬಿಟ್ಟ. ಪೂರ್ತಿ ಬಿಟ್ಟ. ದೋಣಿಗೆ ಕಟ್ಟಿದ್ದ ತುದಿಯನ್ನೂ ಬಿಚ್ಚಿ ಬಿಟ್ಟ. ಲಂಗರು, ಹಗ್ಗ ಎರಡೂ ತಳ ಸೇರಿದವು. ಆಗ ನೀರಿಳಿತದ ಹೊತ್ತು. ಸೆಳೆತ ದೋಣಿಯನ್ನು ಹಿಂದಕ್ಕೆ ಎಳೆದು ಎಳೆದು ಅದೇ ಕುದ್ರುವಿನ ಕೆಸರಿನಲ್ಲಿ ಕೂರಿಸಿತು.

ಬಚ್ಚಣ್ಣ ಹಲ್ಲು ಕಡಿದ. ಜಟ್ಟು ಮೆಲ್ಲಗೆ ಹೇಳಿದ: "ಲಂಗರು ಬಿಡು ಅಂದ್ರಿ ಮಾವ. ದೋಣಿ ಬಿಡು ಅಂದಿದ್ರೆ ದೋಣಿ ಬಿಡ್ತಿದ್ದೆ."

ಮತ್ತೆ ನೀರೇರುವ ತನಕ ಮಾಡುವುದೇನೂ ಇರಲಿಲ್ಲ. ಮಾದೇವಿ ಒಲೆ ಹಚ್ಚಿದಳು. ಗಾಳ ಎಸೆದಳು, ಬಸಳೆ ಕುಯ್ದಳು, ಅರ್ಧ ಗಳಿಗೆಯಲ್ಲಿ ಅಣ್ಣನ ಮುಂದೆ ಬಿಸಿ ಗಂಜಿ, ಸಾರು, ಸುಟ್ಟ ಮೀನು. ಬಚ್ಚಣ್ಣ ಉಂಡ. ಮಳೆಗಾಲಕ್ಕೆ ಏನು ಮಾಡುತ್ತೀ ಅಂತ ಮತ್ತೆ ಕೇಳಿದ.

"ಇನ್ನೂ ಇಪ್ಪತ್ತು ದಿನ ಬಿಸಿಲಿದೆ ಅಣ್ಣ. ಮತ್ತೆ ಹಿಡೀತೇನೆ, ಮತ್ತೆ ಒಣಗಿಸ್ತೇನೆ."

ಬಚ್ಚಣ್ಣ ಬಹಳ ಹೊತ್ತು ತಂಗಿಯ ಕೈಗಳನ್ನೇ ನೋಡಿದ. ಇಂಥ ಕೈ ತನ್ನ ಮನೆಯಲ್ಲಿ ಒಬ್ಬರಿಗೂ ಇಲ್ಲ ಅನ್ನಿಸಿತು. ಮೀನಿನವರ ದೋಣಿ ಬಂದಾಗ ಅದನ್ನು ಹತ್ತಿದ. ಆ ದೋಣಿ ತಳ್ಳಲೆಂದು ಕೆಸರಿಗಿಳಿದಿದ್ದ ಅಳಿಯನ ಬೆನ್ನು ತಟ್ಟಿ, "ಇಲ್ಲೇ ಇರಿ. ನಾನಿನ್ನು ಕರೆಯೋದಿಲ್ಲ" ಅಂದು ಹೋದ.

ನೀರು ಏರಿತು. ದೋಣಿ ತೇಲಿತು. ಮಾದೇವಿ ಅದನ್ನು ಕುದ್ರುವಿನ ಮರವೊಂದರ ಬೇರಿಗೆ ಬಿಗಿದು ಮಗನನ್ನು ಊಟಕ್ಕೆ ಕರೆದಳು. ಜಟ್ಟು ಬರಲಿಲ್ಲ. ಸೊಂಟದವರೆಗೆ ನೀರಲ್ಲಿ ನಿಂತೇ ಇದ್ದ.

"ಮಾವ ಇಲ್ಲೇ ಇರಿ ಅಂದಿದ್ದಾರೆ ಅಮ್ಮ" ಅಂದ.

ಬೈಯಲು ಬಾಯಿ ತೆರೆದಳು ಮಾದೇವಿ. ಇನ್ನೊಂದು ಬುದ್ಧಿ ಹೇಳಿದರೆ ಅದು ಎಲ್ಲಿಗೆ ಮುಟ್ಟುತ್ತದೋ ಅಂತ ಬಾಯಿ ಮುಚ್ಚಿದಳು. ಸೀರೆ ಎತ್ತಿ ಕಟ್ಟಿ, ಗಂಜಿಯ ಬಟ್ಟಲು ಎತ್ತರಕ್ಕೆ ಹಿಡಿದು, ತಾನೇ ನೀರಿಗಿಳಿದಳು.