ಏಳುಕುಣಿ ಮಂದಿರ

ಸಾಲಗಟ್ಟಿಯ ಗಾಣದ ಓಣಿ ದಾಟಿದರೆ ಹೆಂಚು ಜಾರಿದ, ನೀಲಿ ಬಾಗಿಲಿನ ಕಟ್ಟಡವೊಂದು ಕಾಣುತ್ತದೆ. ಅದು ಯಹೂದಿಗಳ ಪ್ರಾರ್ಥನಾ ಮಂದಿರ. ಊರವರು ಏಳುಕುಣಿ ಮಂದಿರ ಎನ್ನುತ್ತಾರೆ. ಹಿತ್ತಲಿನ ನೆಲದಲ್ಲಿ ತೋಡಿದ ಕುಣಿಗಳಲ್ಲಿ ಕೂತು ಏಳು ಋಷಿಗಳು ತಪಸ್ಸು ಮಾಡಿದರೆಂದು ಪುರಸಭೆಯವರು ಫಲಕ ಹಾಕಿಸಿದ್ದಾರೆ. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ದಪ್ಪಕ್ಷರದಲ್ಲಿ ಬರೆಸಿದವರನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ. ನಡೆದದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಅದರಲ್ಲಿ ಋಷಿಗಳಿರಲಿಲ್ಲ, ನಮ್ಮವರೇ ಇದ್ದರು.

ಹಿಂದೆ ಒಮ್ಮೆ, ಕೊಂಕಣದಿಂದ ಬಂದು ಗಾಣ ಇಟ್ಟುಕೊಂಡ ನಾಲ್ಕಾರು ಯಹೂದಿ ಮನೆಗಳು ಇಲ್ಲಿದ್ದವಂತೆ. ಶನಿವಾರ ಕೆಲಸ ಮಾಡುವುದು ಅವರ ಧರ್ಮಕ್ಕೆ ನಿಷಿದ್ಧ; ಅಂದು ಗಾಣ ಹೂಡುತ್ತಿರಲಿಲ್ಲ, ಸಲಿಕೆ ಮುಟ್ಟುತ್ತಿರಲಿಲ್ಲ. ದೇವರ ಹೆಸರಿರುವ ಪುಸ್ತಕ ಹರಿದು ಜೀರ್ಣವಾದರೆ ಸುಡದೆ, ಎಸೆಯದೆ, ಮನುಷ್ಯರನ್ನು ಹೂಳುವಂತೆ ಹೂಳುವುದು ಅವರ ಪದ್ಧತಿ. ಒಂದು ಶುಕ್ರವಾರ ಮುಂಜಾನೆ ಮಂದಿರದ ಹಿರಿಯ ರಹಮೀಮ ಅಂಥ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಹಿತ್ತಲಿನಲ್ಲಿ ಹೂಳಿ ಕಣ್ಣೊರೆಸಿಕೊಂಡ. ಅವನ ತಂದೆ ಕೈಯಾರೆ ಬರೆದ ಪ್ರಾರ್ಥನೆಯ ಪುಸ್ತಕವೂ ಅದರಲ್ಲಿತ್ತು. ಸುದ್ದಿ ಊರಿನ ಒಡೆಯ ದೇಸಾಯಿ ಮುರಿಗೆಪ್ಪನಿಗೆ ಮುಟ್ಟಿತು. ಯಾರೂ ಸತ್ತಿಲ್ಲ, ಆದರೂ ಪೆಟ್ಟಿಗೆ ಹೂತು ಅತ್ತಿದ್ದಾರೆ. ಅಂದಮೇಲೆ ಒಳಗಿರುವುದು ಬಂಗಾರವೇ. ಆ ತಲೆಗೆ ಹೊಳೆಯುವುದು ಅಷ್ಟೇ.

ಮರುದಿನ ಶನಿವಾರವೆಂದು ತಿಳಿದೇ ದೇಸಾಯಿ ಆಳುಗಳೊಂದಿಗೆ ಬಂದು ಅಗೆಸಿದ. ಪುಸ್ತಕಗಳನ್ನು ಕಾಲಿನಿಂದ ಸರಿಸಿ, "ಮ್ಯಾಲ ಕಾಗದಾ ತೋರಿಸಿ ಬಂಗಾರಾ ಬ್ಯಾರೆ ಕಡೆ ಹುಗದಾನ" ಎಂದು ಮತ್ತೆ ಆರು ಕಡೆ ಅಗೆಸಿದ. ಸಿಕ್ಕಿದ್ದು ಕಲ್ಲು. ರಹಮೀಮ ಕೈಮುಗಿದ: "ದೇಸಾಯರ, ಇವತ್ತ ನಾ ಸಲಿಕಿ ಮುಟ್ಟಂಗಿಲ್ಲ. ನಮ್ಮಪ್ಪನ ಬರಹ ಬಯಲಾಗ ಬಿದ್ದೈತಿ. ಒಂದೀಟ ಮಣ್ಣ ಮುಚ್ಚಸ್ರಿ." ದೇಸಾಯಿ ಎಲೆಅಡಿಕೆ ಉಗುಳಿ ಹೊರಟುಹೋದ. ಬೇಲಿಯಾಚೆ ಅರ್ಧ ಊರೇ ನಿಂತಿತ್ತು. ಒಬ್ಬನಾದರೂ ಒಂದು ಬುಟ್ಟಿ ಮಣ್ಣು ಹಾಕಲಿಲ್ಲ. ನನ್ನ ಮುತ್ತಜ್ಜನೂ ಅಲ್ಲಿಯೇ ನಿಂತಿದ್ದ. ರಹಮೀಮ ಹೊದ್ದಿದ್ದ ಶಾಲನ್ನು ಪುಸ್ತಕಗಳ ಮೇಲೆ ಹಾಸಿ, ಆಡುಗಳನ್ನು ಅಟ್ಟುತ್ತ ದಿನವಿಡೀ ಬಿಸಿಲಿನಲ್ಲಿ ಕೂತ. ಮುಸ್ಸಂಜೆ ಮೂರು ನಕ್ಷತ್ರ ಕಂಡಾಗ ಅವರ ಶನಿವಾರ ಮುಗಿಯಿತು. ಆಗ ಎದ್ದು, ಒಬ್ಬನೇ ಪುಸ್ತಕದ ಕುಣಿಯನ್ನು ಮುಚ್ಚಿದ. ಉಳಿದ ಆರನ್ನು ಮುಟ್ಟಲಿಲ್ಲ. "ಅವು ಊರಾಗಿನವರವು, ಇರಲಿ" ಎಂದನಂತೆ.

ಈಗ ಅಲ್ಲಿ ಪ್ರಾರ್ಥಿಸುವವರಿಲ್ಲ. ನೋಡಲು ಬಂದವರು ಫಲಕ ಓದಿ ಕುಣಿಗಳನ್ನು ಎಣಿಸುತ್ತಾರೆ; ಪ್ಲಾಸ್ಟಿಕ್ ತುಂಬಿದ ಆರು ಸಿಗುತ್ತವೆ. ಏಳನೆಯದು ಎಲ್ಲಿ ಎಂದು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತು, ತೋರಿಸುವುದಿಲ್ಲ. ದೇಸಾಯಿ ಸತ್ತು ನೂರು ವರ್ಷವಾಯಿತು; ಹೋದ ವರ್ಷವೂ ಯಾರೋ ಆ ಹಿತ್ತಲಿನಲ್ಲಿ ಸಲಿಕೆ ಮರೆತು ಹೋಗಿದ್ದರು.