ಉಸಿರಪ್ಪನ ದಿಬ್ಬ

ತುಂಗಭದ್ರೆಯ ದಂಡೆಯ ಹಿರೇಕೊಳಚಿಯಲ್ಲಿ, ಭತ್ತದ ಗದ್ದೆಗಳ ನಡುವೆ ನೀರು ಏರದ ಒಂದು ಕೆಮ್ಮಣ್ಣಿನ ದಿಬ್ಬವಿದೆ. ಸುತ್ತಲೂ ಗೇಣು ನೆಲ ಬಿಡದೆ ನಾಟಿ ಮಾಡುವ ಊರಿನವರು ಅದರ ಮೇಲೆ ಮಾತ್ರ ನೇಗಿಲು ಹೂಡುವುದಿಲ್ಲ. ಅದು ಉಸಿರಪ್ಪನ ದಿಬ್ಬ. ಆ ಹೆಸರಿನವನು ಊರಿನಲ್ಲಿ ಎಂದೂ ಹುಟ್ಟಿರಲಿಲ್ಲ. ಇದ್ದವನು ಬರಮಪ್ಪ. ಹಗೇವು, ಅಂದರೆ ಭತ್ತವನ್ನು ನೆಲದೊಳಗೆ ಕಾಪಿಡುವ ಆಳವಾದ ಕುಣಿ, ತೋಡುವುದು ಅವನ ಕೆಲಸವಾಗಿತ್ತು.

ಹಿಂದೆ ಒಮ್ಮೆ, ಪಾಳೆಯಗಾರರು ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದ ಕಾಲದಲ್ಲಿ, ಸೋತು ಹಸಿದ ದಂಡೊಂದು ಈ ಊರಿಗೆ ನುಗ್ಗಿತು. ಒಲೆಯ ಮೇಲೆ ಕುದಿಯುತ್ತಿದ್ದ ಅನ್ನವನ್ನು ಸಿಪಾಯಿಗಳು ಕೈ ಸುಟ್ಟುಕೊಂಡೇ ಬಾಚಿ ತಿಂದರು. ಅದು ಸಾಲದೆ ದಿಬ್ಬದ ಹಗೇವಿಗೆ ಬಂದರು. "ಅದು ಬಿತ್ತನೆ ಭತ್ತ, ಅದೊಂದು ಬಿಡ್ರಿ. ಇಲ್ಲಾಂದ್ರ ಬರೋ ವರ್ಷ ಊರಾಗ ಯಾರೂ ಉಳಿಯಂಗಿಲ್ಲ" ಎಂದು ಕೈಮುಗಿದ ಮುದಿಗೌಡನ ತಲೆಯನ್ನು ಸರದಾರ ಅಲ್ಲೇ ಹಾರಿಸಿದ. ತಡೆಯಲು ಬಂದ ಗೌಡನ ಮಕ್ಕಳನ್ನು ಭರ್ಜಿಯಿಂದ ತಿವಿದು ಕೊಂದರು. ಆಮೇಲೆ ಬರಮಪ್ಪನನ್ನು ಎಳೆತಂದು ಹಗೇವಿನ ಬಾಯಿ ತೆಗೆಸಿದರು.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡಿರುತ್ತದೆ. ಬಾಯಿ ತೆರೆದು ಹಗಲೆಲ್ಲ ಗಾಳಿಯಾಡಲು ಬಿಡದೆ ಇಳಿದವನು ಬದುಕುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಎಲ್ಲಿಂದಲೋ ಬಂದ ದಂಡಿಗೆ ಗೊತ್ತಿರಲಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ಆ ಮೌನದಿಂದಲೇ ಸರದಾರನಿಗೆ ಅನುಮಾನ ಬಂತು. "ಮೊದಲು ನೀನು ಇಳಿ" ಎಂದು ಬರಮಪ್ಪನ ಕುತ್ತಿಗೆಗೆ ಕತ್ತಿ ಇಟ್ಟ. ಹೆಂಡತಿ ಕೆಂಚವ್ವ ನಿಜ ಹೇಳಿಬಿಡುವುದರಲ್ಲಿದ್ದಳು. "ಸುಮ್ಕಿರು ಕೆಂಚಿ. ಬಿತ್ತೋದು ಮಾತ್ರ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ, ಅವನು ಎದೆ ತುಂಬ ಉಸಿರೆಳೆದುಕೊಂಡು ಹಗ್ಗ ಹಿಡಿದು ಇಳಿದ. ಉಸಿರು ಬಿಗಿಹಿಡಿದೇ ಬುಟ್ಟಿ ತುಂಬಿ ಮೇಲೆ ಕಳಿಸಿದ. ಆಮೇಲೆ ಹಿಡಿದಿದ್ದ ಉಸಿರನ್ನೆಲ್ಲ ಒಂದೇ ಕೂಗಿಗೆ ಕೊಟ್ಟ: "ಬರ್ರೀ! ಭಾಳ ಐತಿ!"

ಭತ್ತ ಕಂಡದ್ದೇ ತಡ, ಸಿಪಾಯಿಗಳು ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಒಳಗಿನವರ ಸದ್ದಡಗಿತು; ಅವರೇ ಎಲ್ಲ ಬಾಚಿಕೊಳ್ಳುತ್ತಿದ್ದಾರೆಂದು ಮೇಲಿದ್ದ ಹಲವರೂ ಧುಮುಕಿದರು. ಸರದಾರ ಬಗ್ಗಿ ನೋಡುವಾಗ ಕೆಂಚವ್ವ ಹಾರೆ ಎತ್ತಿ ಅವನ ನೆತ್ತಿಗೆ ಹೊಡೆದಳು. ಬುರುಡೆ ಬಿರಿದು ಅವನೂ ಒಳಗೆ ಉರುಳಿದ. ಉಳಿದವರನ್ನು ಊರವರು ಗದ್ದೆಯ ಕೆಸರಿಗೆ ಅಟ್ಟಿ ಕುಡುಗೋಲಿನಿಂದ ಕಡಿದರು. ಸಂಜೆಯವರೆಗೂ ಕಾಲುವೆ ಕೆಂಪಾಗಿ ಹರಿಯಿತು ಎನ್ನುತ್ತಾರೆ. ಮರುದಿನ ಹೆಣಗಳನ್ನು ಎತ್ತಿದಾಗ ಬರಮಪ್ಪ ಎಲ್ಲರಿಗಿಂತ ಕೆಳಗೆ, ಭತ್ತದ ಮೇಲೆ ಬೋರಲು ಬಿದ್ದಿದ್ದ. ಭತ್ತವನ್ನು ಹೊರತೆಗೆದು ಬಿತ್ತಿದರು. ಅವನನ್ನು ಅದೇ ಹಗೇವಿನಲ್ಲಿ ಮಣ್ಣುಮಾಡಿದರು. ಆ ಸಲದ ಬೆಳೆ ತೆನೆಬಾಗಿ ಬಂತು. ಕೆಂಚವ್ವ ಮಾತ್ರ ಅದರ ಒಂದಗುಳನ್ನೂ ಬಾಯಿಗಿಡಲಿಲ್ಲವಂತೆ.

ಈಗ ದಿಬ್ಬದ ಮೇಲೆ ಮೊಣಕಾಲೆತ್ತರದ ಕಲ್ಲೊಂದಿದೆ. ಅದರಲ್ಲಿ ಬಾಯಿ ತೆರೆದ ಗಂಡಸಿನ ಮುಖ ಕೊರೆದಿದ್ದಾರೆ. ನೋಡಲು ಬಂದವರು, ಇವನು ಹಾಡುಗಾರನೇ ಎಂದು ಕೇಳುವುದುಂಟು. ಸುಗ್ಗಿ ಮುಗಿದು ಹೊಸ ಅಕ್ಕಿ ಬೆಂದ ದಿನ, ಮನೆಯಲ್ಲಿ ಯಾರೂ ಉಣ್ಣುವ ಮೊದಲು, ಹೆಂಗಸರು ಬಿಸಿ ಅನ್ನದ ತುತ್ತನ್ನು ಊದಿ ಆರಿಸಿ ಆ ಬಾಯೊಳಗೆ ಇಟ್ಟು ಬರುತ್ತಾರೆ.