ಹೊಲಿದ ಡೇರೆಯೊಳಗೆ ಬಂದವನು

ಡಂಗುರದವನು ನೀರಲಗಿರಿಯ ಬೀದಿಬೀದಿಯಲ್ಲಿ ಸಾರುತ್ತ ಬಂದ. "ಗುಡ್ಡಕ್ಕೆ ಬೇಟೆಗೆ ಹೋದ ಯುವರಾಜರು ಡೇರೆಯಲ್ಲಿ ಮಲಗಿದವರು ಏಳಲಿಲ್ಲ. ದೊರೆ ಉದ್ದಂಡರಾಯರು ಮೂರು ಒಗಟು ಇಟ್ಟಿದ್ದಾರೆ. ಹೊಲಿದು ಮುದ್ರೆ ಒತ್ತಿದ ಡೇರೆಯೊಳಗೆ ಹೊಲಿಗೆ ಬಿಚ್ಚದೆ ಬಂದವನು ಯಾರು? ಗಾಯ ಮಾಡದೆ, ನಂಜು ಉಣಿಸದೆ, ನಿದ್ದೆಯಲ್ಲೇ ಕೊಂದ ಆಯುಧ ಯಾವುದು? ಅದರ ಹಿಂದಿದ್ದ ಕೈ ಯಾರದು? ಉತ್ತರ ಹೇಳುವವರು ಅದೇ ಡೇರೆಯಲ್ಲಿ ಹಾಗೆಯೇ ಹೊಲಿಸಿಕೊಂಡು ಮಲಗಿ, ಜೀವಂತ ಎದ್ದು ಬಂದು ತಮ್ಮ ಮಾತು ನಿಜವೆಂದು ತೋರಿಸಬೇಕು. ಗೆದ್ದವರಿಗೆ ಕೇಳಿದ್ದು ಸಿಗುತ್ತದೆ. ಸೋತವರ ತಲೆ ಉಳಿಯದು. ಸಂಕ್ರಾಂತಿಯೊಳಗೆ ಯಾರೂ ಗೆಲ್ಲದಿದ್ದರೆ, ಡೇರೆ ಕಾಯುತ್ತಿದ್ದ ದುಗ್ಗನಿಗೆ ಶೂಲ."

ಆ ದುಗ್ಗ ಸೂಲಗಿತ್ತಿ ಬೈರಿಯ ಅಣ್ಣ. ಹೆತ್ತವರಿಲ್ಲದ ಅವಳಿಗೆ ಇದ್ದವನು ಅವನೊಬ್ಬನೇ.

ಡೇರೆಯನ್ನು ಹೊಲಿಯುವುದೇಕೆ ಎನ್ನುತ್ತೀರಾ? ಅರಮನೆಯವರ ಪದ್ಧತಿ ಅದು. ದೊರೆಯ ಅಜ್ಜನ ಕಾಲದಲ್ಲಿ ಯಾರೋ ಡೇರೆಯ ಅಂಚೆತ್ತಿ ಒಳನುಗ್ಗಿ ಮಲಗಿದ್ದವರನ್ನು ಇರಿದಿದ್ದನಂತೆ. ಅಂದಿನಿಂದ ರಾಜವಂಶದವರು ಬೇಟೆಗೆ ಹೋಗಿ ಮಲಗಿದರೆಂದರೆ ಬಾಗಿಲನ್ನು ಹೊರಗಿನಿಂದ ಹೊಲಿದು ಅರಗಿನ ಮುದ್ರೆ ಒತ್ತಬೇಕು, ಅಂಚಿನ ಸುತ್ತ ಹಸಿಮಣ್ಣು ಮೆತ್ತಬೇಕು. ಒಳಗಿನವರು ಕೂಗಿದ ಮೇಲೆಯೇ ಬಿಚ್ಚಬೇಕು. ಚಳಿಗೆಂದು ಒಳಗೊಂದು ಇದ್ದಿಲಿನ ಅಗ್ಗಿಷ್ಟಿಕೆ. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟವರ ಜಾಣತನ.

ಮೊದಲು ಬಂದವನು ಮಂತ್ರವಾದಿ. "ಬಂದವನು ಬ್ರಹ್ಮರಾಕ್ಷಸ, ಆಯುಧ ಅವನ ಕಣ್ಣು, ಹಿಂದಿನ ಕೈ ಶತ್ರುರಾಜನದು" ಎಂದು ಎದೆ ತಟ್ಟಿಕೊಂಡು, ಹಾಸಿಗೆಯ ಸುತ್ತ ವಿಭೂತಿಯ ಗೆರೆ ಎಳೆದು ಮಲಗಿದ. ಬೆಳಗಾದರೂ ಕೂಗಲಿಲ್ಲ. ಎರಡನೆಯವನು ಸೇನಾಪತಿಯ ಅಳಿಯ. "ಬಂದದ್ದು ಹಾವು, ಆಯುಧ ಅದರ ಹಲ್ಲು, ಬಿಟ್ಟ ಕೈ ದುಗ್ಗನದು" ಎಂದವನು ಸಾಕಿದ ಮುಂಗುಸಿಯನ್ನೂ ಜೊತೆಗೆ ಕರೆದೊಯ್ದ. ಹೊಲಿಗೆ ಬಿಚ್ಚಿದಾಗ ಅವನ ಕೆನ್ನೆ ಸುಖನಿದ್ದೆಯಲ್ಲಿದ್ದವರ ಹಾಗೆ ಕೆಂಪಗಿತ್ತು, ಉಸಿರಿರಲಿಲ್ಲ. ಪಕ್ಕದಲ್ಲಿ ಮುಂಗುಸಿಯೂ ಸತ್ತು ಬಿದ್ದಿತ್ತು.

ಕೆಂಪು ಕೆನ್ನೆಯ, ಸತ್ತ ಮುಂಗುಸಿಯ ಸುದ್ದಿ ಕಿವಿಗೆ ಬಿದ್ದದ್ದೇ ಬೈರಿ ದೊರೆ ಬೀಡುಬಿಟ್ಟಿದ್ದ ಗುಡ್ಡ ಹತ್ತಿದಳು. ಅವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ಉತ್ತರ ಗೊತ್ತು, ಬುದ್ಧಿ. ಆದರೆ ನಿಮ್ಮ ಕರಾರಿಗೆ ನಾನು ಒಪ್ಪಲ್ಲ," ಎಂದಳು ದೊರೆಯ ಮುಂದೆ ನಿಂತು. "ಒಬ್ಬಳೇ ಎದ್ದು ಬಂದರೆ ಮಾಟಗಾತಿ ಅಂತೀರಿ. ನೀವೂ ನನ್ನ ಜೊತೆ ಒಳಗೆ ಕೂರಬೇಕು. ಈಗಲೇ, ಹಗಲಲ್ಲೇ. ನನ್ನ ಕೈಲಿ ಕುಡುಗೋಲು ಇರ್ತದೆ."

"ನಾಲಿಗೆ ಬಿಗಿಹಿಡಿಯೇ," ಎಂದು ಮಂತ್ರಿ ಗದರಿದ.

"ನಾನು ಬಿಗಿಹಿಡಿದರೆ ನಮ್ಮಣ್ಣ ಶೂಲಕ್ಕೆ ಹೋಗ್ತಾನೆ, ಸ್ವಾಮಿ. ಆಗ ನಿಮ್ಮ ನಾಲಿಗೆ ಏನು ಮಾಡ್ತದೆ?"

ಮಗ ಹೋದ ಮೇಲೆ ದೊರೆಗೆ ಜೀವದ ಮೇಲೆ ಅಂಥ ಆಸೆಯೇನೂ ಉಳಿದಿರಲಿಲ್ಲ. "ಹೊಲಿಯಿರಿ," ಎಂದು ತಾನೇ ಮೊದಲು ಒಳಗೆ ಹೋದ.

ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಮೊದಮೊದಲು ಹಿತವಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ದೊರೆ ಹಣೆ ಒತ್ತಿಕೊಳ್ಳತೊಡಗಿದ.

"ತಲೆ ಹೇಗಿದೆ, ಬುದ್ಧಿ?"

"ಸಿಡಿಯುತ್ತಿದೆ. ಹೊಟ್ಟೆ ತೊಳಸುತ್ತಿದೆ."

"ಯಾರಾದರೂ ಒಳಗೆ ಬಂದರಾ? ಹೊಗೆ ಉಂಟಾ, ವಾಸನೆ ಉಂಟಾ?"

"ಏನೂ ಇಲ್ಲ. ಒಂದಿಷ್ಟು ಮಲಗಿಬಿಡುತ್ತೇನೆ."

"ಮಲಗಿದರೆ ಮಗನ ದಾರಿಯೇ," ಎಂದು ಬೈರಿ ಮೇಲೆದ್ದಳು. ಮೊಣಕಾಲು ಕುಸಿಯಿತು. ಇಷ್ಟು ಬೇಗ ತನಗೂ ತಗುಲುತ್ತದೆಂದು ಅವಳು ಎಣಿಸಿರಲಿಲ್ಲ, ನಿಜಕ್ಕೂ ಹೆದರಿದಳು. ಕುಡುಗೋಲಿನಿಂದ ಡೇರೆಯನ್ನು ಮೇಲಿನಿಂದ ಕೆಳಗೆ ಸೀಳಿ, ದೊರೆಯ ರಟ್ಟೆ ಹಿಡಿದು ಹೊರಗೆಳೆದಳು. ಭಟರು ಈಟಿ ಎತ್ತಿದರು. ದೊರೆ ಹುಲ್ಲಿನ ಮೇಲೆ ವಾಂತಿ ಮಾಡಿಕೊಳ್ಳುತ್ತಲೇ, ಅವಳನ್ನು ಮುಟ್ಟಬೇಡಿ ಎಂದು ಕೈ ಅಡ್ಡ ಹಿಡಿದ.

ಉಸಿರು ತಹಬಂದಿಗೆ ಬಂದ ಮೇಲೆ, "ಈಗ ಹೇಳು," ಎಂದ.

"ಒಳಗೆ ಯಾರೂ ಬರಲಿಲ್ಲ, ಬುದ್ಧಿ. ನೀವೇ ಇಟ್ಟುಕೊಂಡಿರಿ. ಅದು ಕೆಂಡ. ಕೆಂಡಕ್ಕೂ ನಮ್ಮ ಹಾಗೆ ಗಾಳಿ ಬೇಕು. ಮುಚ್ಚಿದ ಜಾಗದಲ್ಲಿ ಒಳ್ಳೆ ಗಾಳಿಯನ್ನೆಲ್ಲ ತಿಂದು ಕೆಟ್ಟದ್ದನ್ನು ಬಿಡ್ತದೆ. ಆಯುಧ ಆ ಕೆಟ್ಟ ಗಾಳಿ. ಹೊಗೆಯಾದರೆ ಕೆಮ್ಮಿ ಎದ್ದೇಳಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೋಗುಳ ಹಾಡಿ ಕೊಲ್ತದೆ. ಬಾಣಂತಿ ಕೋಣೆಯಲ್ಲಿ ಥಂಡಿಯಾದೀತು ಅಂತ ಕಿಟಕಿಗೆ ಬಟ್ಟೆ ತುರುಕಿ ಕೆಂಡ ಇಡೋರನ್ನ ನಾನು ಬೈದು ಬೈದು ಸಾಕಾಗಿದೀನಿ. ತಾಯಿ ಮಗು ಇಬ್ಬರೂ ಕೆಂಪು ಕೆನ್ನೆಯಲ್ಲೇ ಹೋದದ್ದನ್ನ ಈ ಕಣ್ಣಲ್ಲೇ ನೋಡಿದೀನಿ."

"ಮೂರನೆಯದು?"

ಸುತ್ತಲಿದ್ದವರೆಲ್ಲ ನೆಲ ನೋಡಿದರು. ಬೈರಿ ನೋಡಲಿಲ್ಲ.

"ಬೆಂಕಿ ಒಳಗಿರುವಾಗ ಹೊಲಿಯಿರಿ ಅಂದವರ ಕೈ. ನಿಮ್ಮದು."

ದೊರೆ ಕೇಳಿದ, "ಹೊಲಿಯದಿದ್ದರೆ ನನ್ನ ಮಗ ಉಳಿಯುತ್ತಿದ್ದನೇ?"

"ಮೇಲೊಂದು ಕೆಳಗೊಂದು ಕಿಂಡಿ ಬಿಟ್ಟು, ಎಚ್ಚರ ಇರೋವರೆಗೆ ಮೈ ಕಾಯಿಸಿಕೊಂಡು, ಮಲಗೋ ಮುಂಚೆ ಕೆಂಡವನ್ನು ಹೊರಗಿಟ್ಟಿದ್ದರೆ ಉಳೀತಿದ್ದರು."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಆ ಸಮಾಧಾನದ ಬೆಲೆ ಅಣ್ಣನ ಜೀವವೆಂದು ಅವಳಿಗೆ ಗೊತ್ತಿತ್ತು. ದೊರೆ ಎಲ್ಲರೆದುರು ಗಳಗಳನೆ ಅತ್ತ. ಬೈರಿಗೂ ಕರುಳು ಚುರ್ ಎಂದಿತು, ಆದರೆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ದುಗ್ಗನನ್ನು ಬಿಡಿ," ಎಂದ ದೊರೆ ಕಣ್ಣೊರೆಸಿಕೊಂಡು. "ನಿನ್ನ ಬಹುಮಾನ ಸಂದಿತು."

"ಅದು ಬಹುಮಾನವಲ್ಲ, ಬುದ್ಧಿ, ನ್ಯಾಯ. ಬಹುಮಾನ ಬೇರೆ ಕೇಳ್ತೀನಿ. ಇನ್ನು ಮೇಲೆ ಬೇಟೆಯ ಡೇರೆಗಳನ್ನು ಯಾರೂ ಹೊಲಿಯಕೂಡದು. ಬೆಂಕಿ ಯಾವಾಗ ಹೊರಗೆ ಹೋಗಬೇಕು ಅಂತ ನಮ್ಮಣ್ಣ ಹೇಳ್ತಾನೆ. ಅವನ ಮಾತನ್ನ ದೊರೆಯಾದರೂ ಕೇಳಬೇಕು."

ಮಂತ್ರಿ ಬಾಯಿ ತೆರೆದ. ದೊರೆ ಅವನತ್ತ ತಿರುಗಿಯೂ ನೋಡದೆ, "ಆಗಲಿ ತಾಯಿ," ಎಂದ.

ಮರುವರ್ಷದ ಬೇಟೆಯಲ್ಲಿ ಮೂಳೆ ಕೊರೆಯುವ ಚಳಿ. ಊಟವಾದ ಮೇಲೆ ದುಗ್ಗ ಡೇರೆಯ ಬಾಗಿಲಲ್ಲಿ ಬಂದು, ಹೇಗೆ ಹೇಳುವುದೆಂದು ತಿಳಿಯದೆ ಕೈಕಟ್ಟಿ ನಿಂತ. ದೊರೆ ಮೂರು ಕಂಬಳಿಯ ಒಳಗಿಂದ ಎದ್ದು, ಅಗ್ಗಿಷ್ಟಿಕೆಯನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟ. ಅವರು ಅಲ್ಲಿ ನಡುಗುತ್ತ ಬದುಕಿಕೊಂಡರು, ನಾವು ಇಲ್ಲಿ ಕಿಟಕಿ ತೆರೆದು ಕತೆ ಮುಗಿಸಿದೆವು.